ಕತ್ತಲೆಕಾನಿನ ಮರವೂ ಬೆಚ್ಚನೆಯ ಕಡಲಿನ ತಿಮಿಂಗಿಲವೂ



ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ನಾವು ಅಪಾಯದಲ್ಲಿರುವ ಸಸ್ಯ ಪ್ರಾಣಿಗಳ ಪಾಠವನ್ನು ಹೇಳುತ್ತಿದ್ದೆವು. ಕರಿಹಲಗೆಯ ಎಡಭಾಗದಲ್ಲಿ ಉತ್ತರ ಕನ್ನಡ ಜಿಲ್ಲೆಯ ಒಂದು ಮರದ ಹೆಸರನ್ನೂ ಬಲಭಾಗದಲ್ಲಿ ಒಂದು ತಿಮಿಂಗಿಲದ ಹೆಸರನ್ನೂ ಬರೆದು, ಮರದ ಕೆಳಗೆ ‘ಅತ್ಯಲ್ಪ’ ಎಂದೂ ತಿಮಿಂಗಿಲದ ಕೆಳಗೆ ‘ಲೆಕ್ಕ ತಿಳಿಯದು’ ಎಂದೂ ಸೇರಿಸಿದ್ದೆವು. ಆಗ ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತು, “ಅಮ್ಮಾ, ಕಡಮೆಯೆಂದು ಗೊತ್ತಿರುವುದಕ್ಕೆ ಹೆಚ್ಚು ಭಯವೋ, ಎಷ್ಟೆಂದೇ ಗೊತ್ತಿಲ್ಲದ್ದಕ್ಕೆ ಹೆಚ್ಚು ಭಯವೋ?” ಎಂದು ಕೇಳಿದಳು. ಗಂಟೆ ಬಾರಿಸಿತು, ನಾವು ಉತ್ತರ ಕೊಡದೆ ಹೊರಗೆ ಬಂದೆವು. ಗಂಟೆ ಬಾರಿಸದೆ ಇದ್ದಿದ್ದರೂ ನಮ್ಮಲ್ಲಿ ಆ ಹೊತ್ತಿಗೆ ಉತ್ತರವಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುವುದೇ ಲೇಸು. ಅಂದಿನಿಂದ ಬಿಡುವು ದೊರೆತಾಗಲೆಲ್ಲ ಓದಿ ವಿಚಾರಮಾಡಿ ತಿಳಿದುಕೊಂಡುದನ್ನು ಈ ಸ್ಮರಣ ಸಂಚಿಕೆಯ ಮೂಲಕ ಆ ಹುಡುಗಿಯ ಮುಂದೆಯೂ ನಿಮ್ಮೆಲ್ಲರ ಮುಂದೆಯೂ ಇಡುತ್ತೇವೆ.

ಮೊದಲು ಮರದ ಸಂಗತಿ. ಹೊನ್ನಾವರದಿಂದ ಘಟ್ಟವನ್ನೇರಿ ಜೋಗದ ಕಡೆಗೆ ಹೋಗುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನಲ್ಲಿ, ಕತ್ತಲೆಕಾನು ಎಂಬ ಕಾಡು ಉಂಟು. ಕಾನು ಎಂದರೆ ಆ ಸೀಮೆಯವರ ಮಾತಿನಲ್ಲಿ ಸದಾ ಹಸುರಾಗಿರುವ ದಟ್ಟಡವಿ. ಹಿಂದಿನವರು ಇಂತಹ ಕಾನುಗಳನ್ನು ದೇವರ ಕಾಡೆಂದು ಕೊಡಲಿ ಹಾಕದೆ ಕಾಪಾಡಿಕೊಂಡು ಬಂದರು. ಮರಗಳಿಗೆ ಹಬ್ಬಿದ ಕಾಳುಮೆಣಸನ್ನು ಕೊಯ್ದುಕೊಂಡರು. ನಡುಹಗಲಿನಲ್ಲಿಯೂ ಬಿಸಿಲು ನೆಲವನ್ನು ಮುಟ್ಟದುದರಿಂದ ಈ ಕಾನಿಗೆ ಆ ಹೆಸರು ಒಪ್ಪುತ್ತದೆ. ಇದರೊಳಗಿನ ಕಣಿವೆಗಳಲ್ಲಿ ವರುಷದ ಹನ್ನೆರಡು ತಿಂಗಳೂ ನೀರು ನಿಂತೂ ನಿಲ್ಲದಂತೆ, ಹರಿದೂ ಹರಿಯದಂತೆ ಇರುವ ಜೌಗುನೆಲಗಳಿವೆ. ರಾಮಪತ್ರೆಯ ಬಳಗದ ಮರಗಳು ಅಲ್ಲಿ ಬೆಳೆಯುವುದರಿಂದ ಊರವರು ಅವುಗಳನ್ನು ರಾಮಪತ್ರೆ ಜಡ್ಡಿ ಎನ್ನುವರು. ಜಾಜಿಕಾಯಿಯೂ ರಾಮಪತ್ರೆಯೂ ಒಂದೇ ಕುಲಕ್ಕೆ ಸೇರಿದವು. ಹೂಬಿಡುವ ಗಿಡಮರಗಳಲ್ಲಿ ಆ ಕುಲವು ಬಹು ಪುರಾತನವಾದುದೆಂದು ಪಂಡಿತರು ಎಣಿಸುತ್ತಾರೆ.

ಕೆಸರಿನಲ್ಲಿ ನಿಲ್ಲುವ ಮರಕ್ಕೆ ಒಂದು ದೊಡ್ಡ ಸಂಕಟವುಂಟು. ಬೇರಿಗೂ ಉಸಿರಾಟ ಬೇಕು. ನೀರು ತುಂಬಿದ ನೆಲದಲ್ಲಿ ಗಾಳಿಯಿಲ್ಲ. ಆದಕಾರಣ ಜಡ್ಡಿಯ ಕೆಲವು ಮರಗಳ ಬೇರುಗಳು ಕೆಸರಿನಿಂದ ಮೇಲಕ್ಕೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ನೆಲದೊಳಕ್ಕೆ ಇಳಿಯುತ್ತವೆ. ಬೇರೆ ಕೆಲವು ಮರಗಳು ಬೊಡ್ಡೆಯ ಸುತ್ತಲೂ ಊರುಗೋಲುಗಳಂತೆ ಬೇರುಗಳನ್ನು ಇಳಿಯಬಿಡುತ್ತವೆ.

ನಾವು ಹೇಳಹೊರಟಿರುವ ಮರವು ರಾಮಪತ್ರೆಯಲ್ಲ, ಅದರ ನೆರೆಯಲ್ಲಿ ವಾಸಿಸುವ ಒಂದು ಗೇರು. ಕರಾವಳಿಯವರಿಗೆ ಗೇರು ಎಂದೊಡನೆ ಗೋಡಂಬಿಯ ನೆನಪಾಗುವುದು. ಗೋಡಂಬಿಯೂ ಮಾವೂ ಇದರ ದಾಯಾದಿಗಳೇ ಸರಿ. ಆದರೆ ಇಲ್ಲಿ ಹೇಳುವುದು ಅಗಸರು ಹಿಂದೆ ಬಟ್ಟೆಗೆ ಗುರುತು ಹಾಕುತ್ತಿದ್ದ ಕಪ್ಪುಕಾಯಿಯ ಗೇರಿನ ವಂಶವನ್ನು. ಆ ವಂಶದ ಮರಗಳ ಸೊನೆ ತಾಗಿದರೆ ಮೈ ಬೊಬ್ಬೆಯೇಳುವುದೆಂದು ಮಲೆನಾಡಿನ ಮಕ್ಕಳೆಲ್ಲ ಬಲ್ಲರು. ಕತ್ತಲೆಕಾನಿನ ಜಡ್ಡಿಯಲ್ಲಿದ್ದ ದೊಡ್ಡ ಎಲೆಯ ಒಂದು ಗೇರು ಉಳಿದವುಗಳಂತಲ್ಲ, ಅದುವರೆಗೆ ಯಾವ ಪುಸ್ತಕದಲ್ಲಿಯೂ ಬರೆಯಲ್ಪಡದ ಬೇರೊಂದು ಜಾತಿಯೆಂದು ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಸಸ್ಯವಿದ್ವಾಂಸರು 2000ನೆಯ ಇಸವಿಯಲ್ಲಿ ಪ್ರಕಟಿಸಿ, ಊರಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಕನ್ನಡದ ಒಂದು ಕಾಡಿನ ಹೆಸರು ಹೀಗೆ ಲೋಕದ ಸಸ್ಯಶಾಸ್ತ್ರದಲ್ಲಿ ಶಾಶ್ವತವಾಯಿತು.

ಹೆಸರು ಬಂದುದೇನೋ ನಿಜ. ಆದರೆ ಹೆಸರು ಬರುವ ಹೊತ್ತಿಗೆ ಮರವು ಬೆರಳೆಣಿಕೆಯ ಜಡ್ಡಿಗಳಲ್ಲಿ ಮಾತ್ರ ಉಳಿದಿತ್ತು. ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ವರುಷವೆಲ್ಲ ನೀರಿರುವ ಕಣಿವೆಯ ತಳವು ಮರಕ್ಕೆ ಹೇಗೆ ಪ್ರಿಯವೋ, ಅಡಕೆಯ ತೋಟಕ್ಕೂ ಬತ್ತದ ಗದ್ದೆಗೂ ಹಾಗೆಯೇ ಪ್ರಿಯ. ತಲೆತಲಾಂತರಗಳಿಂದ ಮಲೆನಾಡಿನವರು ಜಡ್ಡಿಗಳ ನೀರನ್ನು ಕಾಲುವೆ ತೋಡಿ ಬಸಿದು ತೋಟಗಳನ್ನು ಎಬ್ಬಿಸಿದರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಅಂತಹ ತೋಟದ ಆದಾಯದಿಂದಲೇ ಶಾಲೆಯ ಶುಲ್ಕವನ್ನು ತೆತ್ತವರು. ಆ ತೋಟಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮನೆಮಕ್ಕಳಿಗೆ ಅನ್ನ ಹಾಕಲು ದುಡಿದವರ ಮೇಲೆ ತಪ್ಪು ಹೊರಿಸುವುದು ಸುಲಭ, ನ್ಯಾಯವಲ್ಲ. ಆದರೆ ಒಂದು ಜಡ್ಡಿ ಬತ್ತಿದರೆ ಅಲ್ಲಿದ್ದ ಮರವು ಪಕ್ಕದ ಗುಡ್ಡವನ್ನು ಏರಿ ಬದುಕಲಾರದೆಂಬ ಸಂಗತಿಯನ್ನು ತಿಳಿದಿರಬೇಕು. ಮೇಲಾಗಿ ಈ ವಂಶದಲ್ಲಿ ಸಾಮಾನ್ಯವಾಗಿ ಗಂಡು ಹೂವು ಒಂದು ಮರದಲ್ಲಿ, ಹೆಣ್ಣು ಹೂವು ಇನ್ನೊಂದು ಮರದಲ್ಲಿ. ಹತ್ತು ಮರಗಳಿರುವಲ್ಲಿ ಕಾಯಿ ಬಿಡತಕ್ಕವು ಹತ್ತೂ ಅಲ್ಲ. ಜೊತೆಯ ಮರ ದೂರವಾದರೆ ಇದ್ದ ಮರವೂ ಬಂಜೆಯಂತೆಯೇ. ಜಡ್ಡಿಯ ಮರಗಳಲ್ಲಿ ಹಲವುಗಳ, ಮುಖ್ಯವಾಗಿ ರಾಮಪತ್ರೆಯ ಬಳಗದವುಗಳ, ಬೀಜವನ್ನು ರಾಗಿಯಂತೆ ಒಣಗಿಸಿ ಕಣಜದಲ್ಲಿ ಇಡುವಂತಿಲ್ಲ. ಬಿದ್ದ ಕೆಲವು ದಿನಗಳೊಳಗೆ ತೇವದ ನೆಲ ಸಿಕ್ಕಿದರೆ ಮೊಳೆಯುವುದು, ಇಲ್ಲವಾದರೆ ಸಾಯುವುದು.

ಇನ್ನು ತಿಮಿಂಗಿಲದ ಸಂಗತಿ. 1976ರಲ್ಲಿ ಸಾಲೊಮನ್ ದ್ವೀಪಗಳ ಕಡಲಿನಲ್ಲಿ ಆರು, 1978ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳ ಬಳಿ ಎರಡು, ಹೀಗೆ ಎಂಟು ತಿಮಿಂಗಿಲಗಳನ್ನು ಜಪಾನಿನ ಸಂಶೋಧನಾ ಹಡಗುಗಳು ಹಿಡಿದವು. ಬೆಚ್ಚನೆಯ ಸಮುದ್ರಗಳಲ್ಲಿ ವಾಸಿಸುವ ಬ್ರೈಡ್ ತಿಮಿಂಗಿಲವೆಂಬ ಪರಿಚಿತ ಜಾತಿಯ ಗಿಡ್ಡ ತಳಿಯೆಂದು ಅವುಗಳನ್ನು ಎಣಿಸಲಾಯಿತು. ಇಪ್ಪತ್ತು ವರುಷಗಳು ಕಳೆದವು. 1998ರಲ್ಲಿ ಜಪಾನಿನ ತ್ಸುನೊಶಿಮಾ ಎಂಬ ದ್ವೀಪದ ಹತ್ತಿರ ಒಂದು ತಿಮಿಂಗಿಲವು ಮೀನುಗಾರರ ದೋಣಿಗೆ ಡಿಕ್ಕಿ ಹೊಡೆದು ಸತ್ತಿತು. ಅದರ ಅಸ್ಥಿಗಳನ್ನು ಪರೀಕ್ಷಿಸಿದಾಗ ವಿದ್ವಾಂಸರಿಗೆ ಸಂದೇಹ ಹುಟ್ಟಿತು. ಹಿಂದಿನ ಎಂಟರ ಅವಶೇಷಗಳೊಡನೆ ಹೋಲಿಸಿದರು. ತಲೆಬುರುಡೆಯ ಆಕಾರ, ಬಾಯಿಯ ತಟ್ಟೆಗಳ ಎಣಿಕೆ, ವಂಶವಾಹಿಗಳ ಬರೆಹ ಎಲ್ಲವನ್ನೂ ನೋಡಿದರು. ಒಂಬತ್ತೂ ಒಂದೇ ಜಾತಿ, ಮತ್ತು ಆ ಜಾತಿ ಬ್ರೈಡ್ ತಿಮಿಂಗಿಲವಲ್ಲವೆಂದು ತೀರ್ಮಾನವಾಯಿತು. 2003ರಲ್ಲಿ ಶಿರೊ ವಾಡಾ, ಮಸಾಯುಕಿ ಓಯಿಶಿ, ತಾದಾಸು ಯಮಾದಾ ಎಂಬ ಮೂವರು ಇದನ್ನು ಪ್ರಕಟಿಸಿ, ತಮ್ಮ ನಾಡಿನ ತಿಮಿಂಗಿಲಶಾಸ್ತ್ರಜ್ಞ ಹಿದೆಯೋ ಓಮುರಾ ಅವರ ಗೌರವಾರ್ಥವಾಗಿ ಅದಕ್ಕೆ ಓಮುರಾ ತಿಮಿಂಗಿಲವೆಂಬ ಹೆಸರನ್ನು ಕೊಟ್ಟರು.

ಈ ಜಾತಿಗೆ ನಮ್ಮ ಬಾಯಲ್ಲಿರುವಂತೆ ಹಲ್ಲಿಲ್ಲ. ಮೇಲ್ದವಡೆಯಿಂದ ಬಾಚಣಿಗೆಯಂತಹ ತಟ್ಟೆಗಳು ಇಳಿಬಿದ್ದಿರುತ್ತವೆ. ನೀರನ್ನು ಬಾಯ್ತುಂಬ ತೆಗೆದುಕೊಂಡು ಹೊರಕ್ಕೆ ನೂಕಿದಾಗ ಸೀಗಡಿಯಂತಹ ಸಣ್ಣ ಜೀವಿಗಳು ತಟ್ಟೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನಾವು ಅಕ್ಕಿಯನ್ನು ಜರಡಿ ಹಿಡಿಯುವಂತೆಯೇ ಇದು. ಉದ್ದ ಸುಮಾರು 10ರಿಂದ 11.5 ಮೀಟರು. ನೀಲ ತಿಮಿಂಗಿಲವು 30 ಮೀಟರಿನ ತನಕ ಬೆಳೆಯುವುದೆಂಬುದನ್ನು ನೆನೆದರೆ ಇದು ತನ್ನ ಬಳಗದಲ್ಲಿ ಚಿಕ್ಕದು. ಕೆಳದವಡೆಯ ಬಲಭಾಗ ಬಿಳಿಚಾಗಿಯೂ ಎಡಭಾಗ ಕಪ್ಪಾಗಿಯೂ ಇರುವುದು ಇದರ ಗುರುತು. ವಂಶವನ್ನು ಬಗೆದು ನೋಡಿದವರು, ನೀಲ ತಿಮಿಂಗಿಲವೂ ಬ್ರೈಡ್ ತಿಮಿಂಗಿಲವೂ ಒಂದರಿಂದೊಂದು ಬೇರೆಯಾಗುವುದಕ್ಕೂ ಮೊದಲೇ ಇದರ ಕವಲು ಒಡೆದಿತ್ತೆಂದು ಹೇಳುತ್ತಾರೆ. ಗಿಡ್ಡ ತಳಿಯೆಂದು ಲೋಕವು ಬಗೆದಿದ್ದುದು ಹಿರಿಯ ಮನೆತನದ್ದೆಂದು ತಿಳಿದುಬಂದಿತು.

ಆದರೂ ಬಹುಕಾಲ ಈ ಜಾತಿಯ ಜೀವಂತ ತಿಮಿಂಗಿಲವನ್ನು ಗುರುತಿಸಿ ನೋಡಿದವರಿರಲಿಲ್ಲ; ತಿಳಿದುದೆಲ್ಲ ಸತ್ತವುಗಳಿಂದ ತಿಳಿದುದು. ಮಡಗಾಸ್ಕರ್ ದ್ವೀಪದ ವಾಯವ್ಯ ತೀರದಲ್ಲಿ ನೋಸಿ ಬೆ ಎಂಬ ಸಣ್ಣ ದ್ವೀಪವಿದೆ. ಅಲ್ಲಿಯ ಕಡಲನ್ನು ಶೋಧಿಸುತ್ತಿದ್ದ ಸಾಲ್ವತೋರೆ ಚೆರ್ಕಿಯೋ ಮತ್ತು ಸಂಗಡಿಗರು ಕಂಡ ತಿಮಿಂಗಿಲಗಳನ್ನು ಮೊದಲು ಅವರೂ ಬ್ರೈಡ್ ಜಾತಿಯವೆಂದೇ ತಿಳಿದರು. ಆಮೇಲೆ ದವಡೆಯ ಬಣ್ಣವನ್ನು ನೋಡಿ, ಚರ್ಮದ ಚೂರುಗಳನ್ನು ಪರೀಕ್ಷಿಸಿ, ಓಮುರಾ ತಿಮಿಂಗಿಲಗಳೆಂದು ನಿಶ್ಚಯಿಸಿದರು. 2015ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ 44 ಬಾರಿ ಕಂಡ ಗುಂಪುಗಳ ವಿವರವಿದೆ. ಅವುಗಳಲ್ಲಿ ಮರಿಗಳೊಡನಿದ್ದ ನಾಲ್ಕು ತಾಯಂದಿರು. ಮನುಷ್ಯನ ಕಿವಿಗೆ ಕೇಳಿಸುವುದೇ ಕಷ್ಟವೆನ್ನುವಷ್ಟು ತಗ್ಗಿದ ಸ್ವರದಲ್ಲಿ ಅವು ಒಂದೇ ನುಡಿಯನ್ನು ಮತ್ತೆ ಮತ್ತೆ ಹಾಡುತ್ತವೆಂದೂ, ಬೇರೆ ದೊಡ್ಡ ತಿಮಿಂಗಿಲಗಳಂತೆ ಚಳಿಗಡಲಿಗೆ ದೂರಪಯಣ ಮಾಡದೆ ವರುಷದುದ್ದಕ್ಕೂ ಅದೇ ಬೆಚ್ಚನೆಯ ನೀರಿನಲ್ಲಿ ಇರುತ್ತವೆಂದೂ ಕ್ರಮೇಣ ತಿಳಿಯಿತು. 2017ರಲ್ಲಿ ಶ್ರೀಲಂಕೆಯ ಕಡಲಿನಲ್ಲಿಯೂ ಈ ಜಾತಿ ಕಂಡುಬಂದಿತು. ಎಂದಮೇಲೆ ಇದು ನಮಗೆ ತೀರ ಪರಕೀಯವೆನ್ನುವಂತಿಲ್ಲ. ಆದರೆ ಲೋಕದಲ್ಲಿ ಎಷ್ಟಿವೆ, ಹೆಚ್ಚುತ್ತಿವೆಯೋ ಕುಗ್ಗುತ್ತಿವೆಯೋ ಎಂಬುದಕ್ಕೆ ಉತ್ತರವಿಲ್ಲ. ಜೀವಿಗಳ ಅಪಾಯವನ್ನು ತೂಗಿ ಪಟ್ಟಿಮಾಡುವ ಅಂತಾರಾಷ್ಟ್ರೀಯ ಸಂಸ್ಥೆಯವರು ಇದನ್ನು ‘ಮಾಹಿತಿ ಸಾಲದು’ ಎಂಬ ತರಗತಿಯಲ್ಲಿ ಇಟ್ಟಿರುತ್ತಾರೆ.

ಮರ ಎಲ್ಲಿ, ತಿಮಿಂಗಿಲ ಎಲ್ಲಿ ಎಂದು ನೀವು ಕೇಳಬಹುದು. ಒಂದು ಹುಟ್ಟಿದ ಕಡೆಯಿಂದ ಒಂದು ಗೇಣೂ ಕದಲದು. ಇನ್ನೊಂದಕ್ಕೆ ನಿಲ್ಲುವುದೇ ತಿಳಿಯದು. ಆದರೂ ಇವೆರಡಕ್ಕೂ ಮೂರು ವಿಷಯಗಳಲ್ಲಿ ಸಾಮ್ಯವುಂಟು.

ಒಂದನೆಯದು, ಎರಡೂ ಕಣ್ಣೆದುರಿನಲ್ಲಿ ಇದ್ದುವು, ಆದರೆ ಬೇರೊಬ್ಬರ ಹೆಸರಿನಲ್ಲಿ ಇದ್ದುವು. ಜಡ್ಡಿಯ ಮರವನ್ನು ಕಾಡಿಗೆ ಹೋಗುವವರು ನೋಡಿಯೇ ಇದ್ದರು. ‘ಅದೊಂದು ಗೇರು’ ಎಂದು ಮುಂದೆ ಹೋದರು. ತಿಮಿಂಗಿಲವನ್ನು ಹಡಗಿನ ಮೇಲೆ ಎಳೆದು ಅಳತೆಯನ್ನೂ ತೆಗೆದರು. ‘ಬ್ರೈಡ್ ಜಾತಿಯ ಗಿಡ್ಡ’ ಎಂದು ಬರೆದಿಟ್ಟರು. ಎರಡನೆಯದು, ಎರಡೂ ತಮ್ಮ ಸ್ಥಳಕ್ಕೆ ಅಂಟಿಕೊಂಡವು. ಮರಕ್ಕೆ ಜಡ್ಡಿಯೇ ಬೇಕು. ಈಜಬಲ್ಲ ತಿಮಿಂಗಿಲವಾದರೋ ಸಾಗರವೆಲ್ಲ ತನ್ನದಾಗಿದ್ದರೂ ನೋಸಿ ಬೆಯಂತಹ ಒಂದು ತೀರದ ನೀರನ್ನೇ ಮನೆಮಾಡಿಕೊಂಡಿದೆ. ಮೂರನೆಯದು, ಸ್ಥಳಕ್ಕೆ ಅಂಟಿಕೊಂಡುದೇ ಎರಡಕ್ಕೂ ಗಂಡಾಂತರ. ಮರದ ನೀರನ್ನು ಬಸಿದರೆ ಮರ ಹೋಗುವುದು. ತೀರದ ನೀರಿನಲ್ಲಿಯೇ ಮೀನುಗಾರರ ಬಲೆಗಳೂ, ಹಡಗುಗಳ ಓಡಾಟವೂ, ಕಡಲಡಿಯ ಎಣ್ಣೆಯನ್ನು ಹುಡುಕುವವರ ಸಿಡಿಲಿನಂತಹ ಶಬ್ದವೂ ಇರುವುದರಿಂದ, ತಗ್ಗಿದ ದನಿಯಲ್ಲಿ ಮಾತಾಡುವ ಜೀವಿಗೆ ಅಲ್ಲಿ ಅಡಚಣೆ ತಪ್ಪಿದ್ದಲ್ಲ.

ಭೇದವೂ ಒಂದಿದೆ, ಆ ಹುಡುಗಿಯ ಪ್ರಶ್ನೆಗೆ ಉತ್ತರವು ಅದರಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಮರಗಳನ್ನು ಎಣಿಸಬಹುದು. ಜಡ್ಡಿಗೆ ಇಳಿದು, ಪ್ರತಿಯೊಂದು ಬೊಡ್ಡೆಗೂ ಗುರುತುಕಟ್ಟಿ, ಮುಂದಿನ ವರುಷ ಬಂದು ‘ಇದು ಇದೆ, ಅದು ಬಿದ್ದಿದೆ’ ಎನ್ನಬಹುದು. ಎಣಿಸಿದ್ದರಿಂದಲೇ ಕೆಲಸವೂ ಸಾಗಿತು. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿದ್ವಾಂಸರು ಈ ಗೇರಿನ ಹೂವು ಕಾಯಿಗಳ ಕ್ರಮವನ್ನು ಅಭ್ಯಾಸಮಾಡಿ, ಸಸಿಗಳನ್ನು ಬೆಳೆಸಿ, ಜೌಗುನೆಲಗಳಲ್ಲಿ ನೆಡಿಸಿದರು. ಸಿಂಗಳೀಕಗಳ ರಕ್ಷಣೆಗಾಗಿ ಸರಕಾರವು 2011ರಲ್ಲಿ ಅಘನಾಶಿನಿಯ ಸುತ್ತಿನ ಕಾಡುಗಳನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2014ರಲ್ಲಿ ಕತ್ತಲೆಕಾನಿನ ಜಡ್ಡಿಯಿಂದಲೇ ಇನ್ನೊಂದು ಹೊಸ ಜೀವಿ ಬೆಳಕಿಗೆ ಬಂದಿತು: ತನ್ನ ಮೊಟ್ಟೆಗಳ ಮೇಲೆ ಕೈಯಿಂದ ಕೆಸರನ್ನು ಮೆತ್ತುವ ಒಂದು ಕಪ್ಪೆ. ಅದಕ್ಕೆ ‘ಕುಂಬಾರ’ ಎಂಬ ಕನ್ನಡದ ಹೆಸರೇ ಸಂದಿತು. ಒಂದು ಮರವನ್ನು ಗುರುತಿಸಿ ಕಾಪಾಡಹೊರಟರೆ ಅದರ ನೆರಳಿನಲ್ಲಿರುವ ಎಷ್ಟು ಜೀವಗಳು ಉಳಿಯುತ್ತವೆಂಬುದಕ್ಕೆ ಇದೇ ಸಾಕ್ಷಿ.

ತಿಮಿಂಗಿಲದ ವಿಷಯ ಹಾಗಲ್ಲ. ‘ಮಾಹಿತಿ ಸಾಲದು’ ಎಂಬ ಮಾತನ್ನು ಕೇಳಿದವರು ‘ಹಾಗಾದರೆ ಸದ್ಯಕ್ಕೆ ಭಯವಿಲ್ಲ’ ಎಂದು ಅರ್ಥಮಾಡಿಕೊಳ್ಳುವುದುಂಟು. ಇದು ತಪ್ಪು ತಿಳಿವಳಿಕೆ. ಹಾಜರಿ ಪುಸ್ತಕದಲ್ಲಿ ಒಂದು ಮನೆಯನ್ನು ಖಾಲಿ ಬಿಟ್ಟರೆ ಹುಡುಗಿ ಬಂದಳೆಂದೂ ಅರ್ಥವಲ್ಲ, ಬರಲಿಲ್ಲವೆಂದೂ ಅರ್ಥವಲ್ಲ. ಉಪಾಧ್ಯಾಯಿನಿಯು ನೋಡಲಿಲ್ಲವೆಂದೇ ಅರ್ಥ. ಆ ಮನೆಯನ್ನು ತುಂಬುವ ಕರ್ತವ್ಯ ಉಪಾಧ್ಯಾಯಿನಿಯದು, ಹುಡುಗಿಯದಲ್ಲ. ಆದಕಾರಣ ಪ್ರಶ್ನೆ ಕೇಳಿದ ಮಗಳಿಗೆ ನಮ್ಮ ಉತ್ತರವಿದು: ಇಂದು ಹೆಚ್ಚು ಅಪಾಯದಲ್ಲಿರುವುದು ಮರವೇ, ಅದರಲ್ಲಿ ಸಂಶಯವಿಲ್ಲ. ಆದರೆ ಹೆಚ್ಚು ಅಸಹಾಯವಾಗಿರುವುದು ತಿಮಿಂಗಿಲ. ಮರಕ್ಕೆ ಏನಾದರೂ ಆದರೆ ನಮಗೆ ತಿಳಿಯುವುದು; ತಿಮಿಂಗಿಲಕ್ಕೆ ಆದರೆ ತಿಳಿಯದೆಯೇ ಹೋಗಬಹುದು.

ಇಲ್ಲಿ ನಮ್ಮ ಸ್ವಂತ ತಪ್ಪೊಂದನ್ನು ಹೇಳದೆ ಮುಂದೆ ಹೋಗಲು ನಮ್ಮ ಮನಸ್ಸು ಒಪ್ಪದು. ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ವರುಷಗಳಲ್ಲಿ ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಅಕ್ಕ ಅದಕ್ಕೆ ಮೊದಲು ನಮ್ಮಲ್ಲಿಯೇ ಓದಿದ್ದಳು, ಸಾಧಾರಣ ವಿದ್ಯಾರ್ಥಿನಿ. ತಂಗಿಯ ಮುಖ ಅಕ್ಕನಂತೆಯೇ ಇದ್ದುದರಿಂದ ಬುದ್ಧಿಯೂ ಹಾಗೆಯೇ ಇರಬೇಕೆಂದು ಬಗೆದೆವು. ಎಷ್ಟೋ ಸಲ ಅಕ್ಕನ ಹೆಸರಿನಿಂದಲೇ ಕರೆದೆವು. ಅವಳು ಒಮ್ಮೆಯೂ ತಿದ್ದಲಿಲ್ಲ. ಮನೆಯ ತೊಂದರೆಯಿಂದ ಅವಳು ಶಾಲೆ ಬಿಟ್ಟ ಮೇಲೆ ಅವಳ ಲೆಕ್ಕದ ಪುಸ್ತಕವು ಕಪಾಟಿನಲ್ಲಿ ಉಳಿದಿತ್ತು. ತೆಗೆದು ನೋಡಿದರೆ, ನಾವು ಹೇಳಿಕೊಟ್ಟ ಕ್ರಮವನ್ನು ಬಿಟ್ಟು ತನ್ನದೇ ಆದ ಸುಲಭ ಕ್ರಮದಿಂದ ಅವಳು ಎಷ್ಟೋ ಲೆಕ್ಕಗಳನ್ನು ಬಿಡಿಸಿದ್ದಳು. ಅದನ್ನು ಗಮನಿಸದೆ ನಾವು ಕೆಂಪು ಶಾಯಿಯಲ್ಲಿ ‘ಕ್ರಮ ತಪ್ಪು’ ಎಂದು ಬರೆದಿದ್ದೆವು. ಅವಳಿಗೆ ಕಾಗದ ಬರೆದೆವು, ಉತ್ತರ ಬರಲಿಲ್ಲ. ಓಮುರಾ ತಿಮಿಂಗಿಲವು ಬೇರೊಂದರ ಹೆಸರಿನಲ್ಲಿ ಇಪ್ಪತ್ತೈದು ವರುಷ ದಾಖಲೆಯಲ್ಲಿ ಬಿದ್ದಿತ್ತೆಂದು ಓದಿದಾಗ ನಮ್ಮ ಕಣ್ಣ ಮುಂದೆ ಬಂದುದು ಆ ಲೆಕ್ಕದ ಪುಸ್ತಕ.

ಆದಿಯಲ್ಲಿ ದೇವರು ಪ್ರಾಣಿಗಳನ್ನು ಆದಾಮನ ಬಳಿಗೆ ತಂದು, ಅವನು ಏನು ಹೆಸರಿಡುವನೋ ನೋಡೋಣವೆಂದಿದ್ದನೆಂದು ನಮ್ಮ ಸತ್ಯವೇದದಲ್ಲಿ ಬರೆದಿದೆ. ಹೆಸರಿಡುವುದು ಒಡೆತನದ ಗುರುತೆಂದು ಕೆಲವರು ಹೇಳುವರು. ಹೊಣೆಗಾರಿಕೆಯ ಮೊದಲ ಹೆಜ್ಜೆಯೆಂಬುದು ನಮ್ಮ ಅಭಿಪ್ರಾಯ. ಒಳ್ಳೆಯ ಕುರುಬನು ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವನೆಂಬ ಉಪದೇಶವನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ನೂರರಲ್ಲಿ ಒಂದು ತಪ್ಪಿತೆಂದು ಅವನಿಗೆ ತಿಳಿಯಬೇಕಾದರೆ ಮೊದಲು ನೂರನ್ನೂ ಅವನು ಬಲ್ಲವನಾಗಿರಬೇಕಲ್ಲವೇ?

ಈಗ ನಾವು ನಿಮ್ಮಲ್ಲಿ ಕೇಳಿಕೊಳ್ಳುವುದು ಬಹಳವಿಲ್ಲ. ಘಟ್ಟದ ಮೇಲಿನ ತೋಟದ ಮನೆಗಳಿಗೆ ಸೊಸೆಯರಾಗಿ ಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ತೋಟದ ಮೇಲ್ಗಡೆ ಇನ್ನೂ ಬಸಿಯದೆ ಉಳಿದಿರುವ ಜಡ್ಡಿ ಇದ್ದರೆ ಅದನ್ನು ಹಾಗೆಯೇ ಬಿಡುವಂತೆ ಮನೆಯ ಹಿರಿಯರಿಗೆ ತಿಳಿಯಹೇಳಲಿ. ಮಳೆಗಾಲದ ನೀರನ್ನು ಸ್ಪಂಜಿನಂತೆ ಹೀರಿಕೊಂಡು ಬೇಸಗೆಯಲ್ಲಿ ತೋಟಕ್ಕೆ ಹನಿಹನಿಯಾಗಿ ಇಳಿಸುವುದು ಆ ಜಡ್ಡಿಯೇ. ಅದನ್ನು ಕಾಯುವುದು ತೋಟವನ್ನು ಕಾದಂತೆಯೇ. ಸೊನೆಗೆ ಹೆದರಿ ಕಂಡ ಗೇರನ್ನೆಲ್ಲ ಕಡಿಸುವುದಕ್ಕೆ ಮೊದಲು, ಅದು ಯಾವ ಗೇರೆಂದು ಬಲ್ಲವರನ್ನು ಕೇಳಲಿ. ಕಡಲತೀರದಲ್ಲಿ ಇರುವವರು, ತಿಮಿಂಗಿಲವೊಂದು ದಡಕ್ಕೆ ಬಂದು ಬಿದ್ದಾಗ ಜಾತ್ರೆಯಂತೆ ನೆರೆದು ಚಿತ್ರ ತೆಗೆದು ಮರಳುವುದರ ಬದಲು, ಕೂಡಲೆ ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಲಿ. ಜೀವವಿದ್ದರೆ ಅದರ ಉಸಿರಿನ ರಂಧ್ರಕ್ಕೆ ನೀರೂ ಮರಳೂ ಹೋಗದಂತೆ ನೋಡಿಕೊಳ್ಳಲಿ. ಸತ್ತಿದ್ದರೆ ದವಡೆಯ ಎರಡು ಪಕ್ಕದ ಚಿತ್ರಗಳನ್ನೂ ತೆಗೆದಿಡಲಿ. ಲೋಕಕ್ಕೆ ಈ ತಿಮಿಂಗಿಲದ ಪರಿಚಯವಾದುದು ದಡದ ಹತ್ತಿರ ಸತ್ತ ಒಂದರಿಂದ ಎಂಬುದನ್ನು ಮರೆಯಬಾರದು.

ಪೋಷಕರಿಗೆ ಒಂದು ಮಾತು. ನಿಮ್ಮ ಮಗಳು ಶಾಲೆಯಿಂದ ಬಂದು ಅಂಗಳದ ಗಿಡದ ಹೆಸರನ್ನೋ ಹಿತ್ತಿಲಿನ ಹಕ್ಕಿಯ ಹೆಸರನ್ನೋ ಕೇಳಿದರೆ, ‘ಯಾವುದೋ ಒಂದು ಗಿಡ’ ಎಂದು ಹೇಳಿ ಕಳುಹಿಸಬೇಡಿ. ನಿಮಗೆ ತಿಳಿಯದಿದ್ದರೆ ಮನೆಯ ಅಜ್ಜಿಯನ್ನು ಕೇಳಿ. ಅಜ್ಜಿಗೂ ತಿಳಿಯದಿದ್ದರೆ ನಮ್ಮ ಬಳಿಗೆ ಕಳುಹಿಸಿ. ನಮಗೂ ತಿಳಿಯದಿದ್ದರೆ ಕೂಡಿ ಹುಡುಕುವೆವು.

ಹಿಂದಿನ ಸಾಲಿನ ಆ ಹುಡುಗಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳ ಹೆಸರನ್ನು ನಾವು ಇಲ್ಲಿ ಅಚ್ಚು ಹಾಕಿಸಿಲ್ಲ. ಆದರೆ ಅದು ನಮಗೆ ಚೆನ್ನಾಗಿ ಗೊತ್ತಿದೆ, ಮತ್ತು ಅದೇ ಹೆಸರಿನಿಂದ ಅವಳನ್ನು ಕರೆಯುತ್ತೇವೆ. ನಿಮ್ಮೆಲ್ಲರನ್ನೂ ನಿಮ್ಮ ಮನೆಗಳನ್ನೂ ದೇವರು ಕಾಪಾಡಲಿ.